ಪಿನ್‌ಬಾಲ್ ಮೆಷಿನ್ ಆನ್ ಆಗ್ತಿಲ್ವಾ, ಆಡ್ತಾ ಆಡ್ತಾ ರೀಸೆಟ್ ಆಗುತ್ತಾ? ಪ್ಲಗ್ಗಿಂದ ಕಾಯಿಲ್ ತನಕ ಕರೆಂಟ್ ಹುಡುಕೋದು ಹೀಗೆ

ಅಮೆರಿಕಾದಲ್ಲಿರೋ ನಮ್ಮವ್ರು ಬೇಸ್‌ಮೆಂಟ್‌ಗೆ ಅಂತ ಹಳೇ ಪಿನ್‌ಬಾಲ್ ಮೆಷಿನ್ ತಗೊಳ್ಳೋದು ಈಗೀಗ ಜಾಸ್ತಿ ಆಗಿದೆ, ಊರಿಗೆ ವಾಪಸ್ ಬರೋವಾಗ ಕಂಟೈನರ್‌ನಲ್ಲಿ ಬೆಂಗಳೂರಿಗೆ ತರೋರೂ ಇದಾರೆ. ಆದ್ರೆ ಮೂವತ್ತು ವರ್ಷ ಹಳೇ ಮೆಷಿನ್ ಅಂದ್ಮೇಲೆ ಒಂದಲ್ಲ ಒಂದು ದಿನ ಕರೆಂಟ್ ತಕರಾರು ಬಂದೇ ಬರುತ್ತೆ. ಆವಾಗ ಎಲ್ಲರೂ ಮಾಡೋದು ಏನು ಅಂದ್ರೆ ಸಿಕ್ಕ ಪಾರ್ಟ್ ಆರ್ಡರ್ ಮಾಡೋದು, ಹಾಕೋದು, ಆಗ್ಲಿಲ್ಲ ಅಂದ್ರೆ ಇನ್ನೊಂದು ಆರ್ಡರ್ ಮಾಡೋದು. ದಯವಿಟ್ಟು ಹಾಗ್ಮಾಡ್ಬೇಡಿ. ಕರೆಂಟು ಗೋಡೆಯಿಂದ ಹೊರಟು ಕಾಯಿಲ್ (ಫ್ಲಿಪ್ಪರ್ ಥರದ ಭಾಗಗಳನ್ನ ಹೊಡೆಸೋ ತಂತಿ ಸುತ್ತು) ಮುಟ್ಟೋ ತನಕ ಒಂದೇ ದಾರೀಲಿ ಹೋಗುತ್ತೆ, ನೀವೂ ಮೀಟರ್ ಹಿಡ್ಕೊಂಡು ಅದೇ ದಾರೀಲಿ ನಡೀರಿ, ಎಲ್ಲಿ ತನಕ ಇದೆ ಎಲ್ಲಿಂದ ಇಲ್ಲ ಅಂತ ಗೊತ್ತಾದ್ರೆ ಕೆಟ್ಟಿರೋ ಜಾಗ ತಾನಾಗೇ ಸಿಗುತ್ತೆ.

ಇಲ್ಲಿ ನಾನು ಮುಖ್ಯವಾಗಿ ಹೇಳೋದು ಚಿಕಾಗೋದ ವಿಲಿಯಮ್ಸ್ ಕಂಪನಿ 1990ರಿಂದ 1998ರ ತನಕ ವಿಲಿಯಮ್ಸ್, ಬ್ಯಾಲಿ ಎರಡು ಹೆಸರಲ್ಲೂ ಮಾಡಿದ ಡಬ್ಲ್ಯೂಪಿಸಿ (ವಿಲಿಯಮ್ಸ್ ಪಿನ್‌ಬಾಲ್ ಕಂಟ್ರೋಲರ್ ಅನ್ನೋ ಎಲೆಕ್ಟ್ರಾನಿಕ್ ಬೋರ್ಡ್ ವ್ಯವಸ್ಥೆಯ) ಮೆಷಿನ್‌ಗಳ ಬಗ್ಗೆ. ಫನ್‌ಹೌಸ್‌ನಿಂದ ಶುರುವಾಗಿ ಅಟ್ಯಾಕ್ ಫ್ರಮ್ ಮಾರ್ಸ್, ಮೀಡೀವಲ್ ಮ್ಯಾಡ್ನೆಸ್ ತನಕ ಎಲ್ಲಾ ಇದೇ ಕುಟುಂಬ. ಮನೆಗಳಲ್ಲಿ ಜಾಸ್ತಿ ಕಾಣಿಸೋದೂ ಇವೇ. 1999ರಲ್ಲಿ ಆ ಕಂಪನಿ ಪಿನ್‌ಬಾಲ್ ಮಾಡೋದನ್ನೇ ನಿಲ್ಲಿಸಿದ್ರಿಂದ ಇವತ್ತು ಕಂಪನಿಯದ್ದೇ ಬೋರ್ಡ್ ಇದ್ರೆ ಅದು ಹಳೇದೇ, ಅದಕ್ಕೇ ನಮ್ಮ ಕೈಯಲ್ಲೇ ರಿಪೇರಿ ಕಲಿತಿದ್ರೆ ಒಳ್ಳೇದು. ಹಳೇ ಬ್ಯಾಲಿ, ಎಲೆಕ್ಟ್ರೋ ಮೆಕ್ಯಾನಿಕಲ್ ಮೆಷಿನ್ ಇರೋರಿಗೆ ಕೊನೇಲಿ ಸ್ವಲ್ಪ ಬರ್ದಿದೀನಿ.

ಕೈ ಹಾಕೋ ಮುಂಚೆ

ಇದು ಮೊಬೈಲ್ ಚಾರ್ಜರ್ ಅಲ್ಲ. ಒಳಗೆ ಗೋಡೆ ಕರೆಂಟ್ ನೇರವಾಗಿ ಬರೋ ಜಾಗ ಇದೆ, ಕಾಯಿಲ್‌ಗಳಿಗೆ 70 ವೋಲ್ಟ್ ಡಿಸಿ ಹೋಗುತ್ತೆ, ಡಾಟ್ ಮ್ಯಾಟ್ರಿಕ್ಸ್ ಡಿಸ್‌ಪ್ಲೇ ನಡ್ಸೋ ಬೋರ್ಡ್‌ನಲ್ಲಿ ಮೈನಸ್ 113, ಮೈನಸ್ 125, ಪ್ಲಸ್ 62 ವೋಲ್ಟ್ ಇರುತ್ತೆ. ಉಂಗುರ, ವಾಚು, ಬಳೆ ತೆಗ್ದಿಡಿ. ಕನೆಕ್ಟರ್ ಎಳೆಯೋದು, ಫ್ಯೂಸ್ ತೆಗೆಯೋದು, ಬೆಸುಗೆ ಹಾಕೋದು ಎಲ್ಲಾ ಪ್ಲಗ್ ಕಿತ್ತ ಮೇಲೇ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಯಾಕಂದ್ರೆ ಸ್ವಿಚ್ ಆಫ್ ಇದ್ರೂ ಅದರ ಹಿಂದಿನ ತನಕ ಕರೆಂಟ್ ಬಂದು ನಿಂತಿರುತ್ತೆ, ಎಷ್ಟೋ ಮೆಷಿನ್‌ಗಳಲ್ಲಿ ಕ್ಯಾಬಿನೆಟ್ ಒಳಗಿರೋ ಸರ್ವಿಸ್ ಸಾಕೆಟ್ ಕೂಡ ಲೈವ್ ಇರುತ್ತೆ. ಕರೆಂಟ್ ಇಟ್ಕೊಂಡು ಅಳತೆ ಮಾಡೋವಾಗ ಕಪ್ಪು ಪ್ರೋಬ್‌ನ ಕ್ಲಿಪ್ ಹಾಕಿ ಗ್ರೌಂಡ್‌ಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಕೆಂಪು ಪ್ರೋಬ್ ಹಿಡ್ಕೊಂಡು ನೋಡಿ, ಇನ್ನೊಂದು ಕೈ ಮೆಷಿನ್‌ನಿಂದ ದೂರ ಇರ್ಲಿ.

ಪ್ಲಗ್ಗಿನ ಅರ್ಥ್ ಪಿನ್ ಇದೆಯಾ ನೋಡಿ. ಅಂಗಡಿ, ಬಾರ್‌ಗಳಲ್ಲಿ ದುಡಿದು ಬಂದ ಮೆಷಿನ್‌ಗಳಲ್ಲಿ ಎಷ್ಟೋ ಸಲ ಮೂರನೇ ಪಿನ್ ಕತ್ತರಿಸಿ ಹಾಕಿರ್ತಾರೆ, ಎರಡು ತೂತಿನ ಸಾಕೆಟ್‌ಗೆ ಹೋಗ್ಲಿ ಅಂತ. ಮುಂದೆ ಗಾಜನ್ನ ಹಿಡಿದಿರೋ ಲಾಕ್‌ಡೌನ್ ಬಾರ್, ಸೈಡ್ ರೇಲು, ಕಾಯಿನ್ ಡೋರು, ಕಾಲು ಎಲ್ಲಾ ಲೋಹ, ಆಡೋರ ಕೈ ಸದಾ ಅದರ ಮೇಲೇ ಇರುತ್ತೆ, ಮಕ್ಕಳೂ ಆಡ್ತಾರೆ. ಅರ್ಥ್ ಇಲ್ಲದ ಮೆಷಿನ್‌ಗೆ ಮೊದಲ ರಿಪೇರಿ ಅದೇ, ಹೊಸ ಮೂರು ಪಿನ್ ಪ್ಲಗ್ ಹಾಕಿ, ಪ್ಲಗ್ಗಿನ ಅರ್ಥ್ ಪಿನ್‌ಗೂ ಕಾಯಿನ್ ಡೋರ್‌ನ ಲೋಹಕ್ಕೂ ಮೀಟರ್ ಇಟ್ರೆ ಬೀಪ್ ಬರ್ಬೇಕು, ಬರದೆ ಮುಂದಿನ ಕೆಲ್ಸಕ್ಕೆ ಹೋಗ್ಬೇಡಿ.

ಬೇಕಾಗಿರೋ ಸಾಮಾನು ಜಾಸ್ತಿ ಇಲ್ಲ. ಡಯೋಡ್ ಟೆಸ್ಟ್ ಇರೋ ಡಿಜಿಟಲ್ ಮಲ್ಟಿಮೀಟರ್, ಟಾರ್ಚು, ಸರಿಯಾದ ಅಳತೆ ಫ್ಯೂಸುಗಳು, ಆ ಮೆಷಿನ್‌ನ ಮ್ಯಾನುವಲ್. ಮ್ಯಾನುವಲ್ ಇಲ್ದೆ ಶುರು ಮಾಡ್ಬೇಡಿ, ಕಾಯಿಲ್ ಟೇಬಲ್, ಫ್ಯೂಸ್ ಪಟ್ಟಿ, ವೈರ್ ಬಣ್ಣ ಎಲ್ಲಾ ಅದ್ರಲ್ಲೇ ಇರುತ್ತೆ, ಈ ಕಾಲದ ಮೆಷಿನ್‌ಗಳ ಮ್ಯಾನುವಲ್ ಹುಡುಕಿದ್ರೆ ಸಿಗುತ್ತೆ. ಆಮೇಲೆ ಬ್ಯಾಕ್‌ಬಾಕ್ಸ್ (ಮೆಷಿನ್ ಹಿಂದೆ ಎದ್ದು ನಿಂತಿರೋ, ಬೋರ್ಡುಗಳಿರೋ ಪೆಟ್ಟಿಗೆ) ತೆಗ್ದ ತಕ್ಷಣ ಎಲ್ಲಾ ಕನೆಕ್ಟರ್ ಕಾಣೋ ಹಾಗೆ ಫೋಟೋ ಹೊಡ್ಕೊಳ್ಳಿ.

ಸ್ವಿಚ್ ಹಾಕಿದ್ರೆ ಏನೂ ಇಲ್ಲ, ಒಂದು ಲೈಟೂ ಇಲ್ಲ

ಮೊದಲು ಗೋಡೆ ಸಾಕೆಟ್. ಬೇಸ್‌ಮೆಂಟ್ ಸಾಕೆಟ್‌ಗಳು ಎಷ್ಟೋ ಸಲ ಜಿಎಫ್‌ಸಿಐ (ಕರೆಂಟ್ ಸೋರಿದ್ರೆ ತಾನಾಗೇ ಕತ್ತರಿಸೋ) ಸಾಕೆಟ್ ಹಿಂದೆ ಇರುತ್ವೆ, ಅದು ಟ್ರಿಪ್ ಆಗಿದ್ರೆ ಮೆಷಿನ್ ತಪ್ಪಲ್ಲ. ಟೇಬಲ್ ಲ್ಯಾಂಪ್ ಹಾಕಿ ನೋಡಿ, ಆಮೇಲೆ ಮೀಟರ್‌ನಲ್ಲಿ ಎಷ್ಟು ವೋಲ್ಟ್ ಇದೆ ಅಂತ ಬರ್ಕೊಳ್ಳಿ, ಈ ನಂಬರ್ ಮುಂದೆ ರೀಸೆಟ್ ವಿಷ್ಯಕ್ಕೆ ಬೇಕಾಗುತ್ತೆ.

ಡಬ್ಲ್ಯೂಪಿಸಿಯಲ್ಲಿ ಸ್ವಿಚ್ ಇರೋದು ಕ್ಯಾಬಿನೆಟ್ ಕೆಳಗೆ, ಮುಂದುಗಡೆ ಬಲಕ್ಕೆ. ಕಾಯಿನ್ ಡೋರ್ ತೆಗ್ದು ಬಲಗಡೆ ನೋಡಿದ್ರೆ ಒಂದು ಲೋಹದ ಡಬ್ಬಿ ಕಾಣುತ್ತೆ, ಮೈನ್ ಫ್ಯೂಸು, ಲೈನ್ ಫಿಲ್ಟರು, ವ್ಯಾರಿಸ್ಟರು (ವೋಲ್ಟೇಜ್ ಏರಿದಾಗ ಕಾಪಾಡೋದು), ಥರ್ಮಿಸ್ಟರು (ಆನ್ ಮಾಡಿದಾಗ ನುಗ್ಗೋ ಕರೆಂಟ್ ತಡೆಯೋದು) ಎಲ್ಲಾ ಅದ್ರೊಳಗೆ. ಪ್ಲಗ್ ಕಿತ್ತು ಫ್ಯೂಸ್ ಹೊರಗೆ ತೆಗೀರಿ. ಕಣ್ಣಲ್ಲಿ ನೋಡಿ ಚೆನ್ನಾಗಿದೆ ಅನ್ಬೇಡಿ, ಗಾಜಿನೊಳಗೆ ತಂತಿ ನೆಟ್ಟಗೆ ಕಾಣ್ತಿದ್ರೂ ತುದೀಲಿ ಬಿಟ್ಟಿರ್ಬಹುದು. ಹೋಲ್ಡರ್‌ನಲ್ಲೇ ಇಟ್ಟು ಚೆಕ್ ಮಾಡಿದ್ರೆ ಬೇರೆ ದಾರಿಯಿಂದ ಬೀಪ್ ಬಂದು ಮೋಸ ಆಗುತ್ತೆ, ಹಾಗಾಗಿ ಹೊರಗೆ ತೆಗ್ದೇ ಬೀಪ್ ನೋಡಿ. ಫ್ಯೂಸ್ ಕ್ಲಿಪ್ಪೂ ನೋಡಿ, ಸಡಿಲ ಆಗಿದ್ರೆ, ಕಪ್ಪಗಾಗಿದ್ರೆ ಅಲ್ಲೇ ಬಿಸಿ ಆಗಿ ಕರೆಂಟ್ ನಿಂತುಹೋಗುತ್ತೆ.

ಫ್ಯೂಸ್ ಚೆನ್ನಾಗಿದ್ರೆ ದಾರೀಲಿ ಮುಂದೆ ಹೋಗಿ. ಪ್ಲಗ್ ಹಾಕದೆನೇ ಸ್ವಿಚ್ ಆನ್ ಸ್ಥಾನದಲ್ಲಿಟ್ಟು ಪ್ಲಗ್ಗಿನ ಎರಡು ಚಪ್ಪಟೆ ಪಿನ್ ಮಧ್ಯೆ ಓಮ್ಸ್ ನೋಡಿ. ಟ್ರಾನ್ಸ್‌ಫಾರ್ಮರ್ ಪ್ರೈಮರಿ ಸುತ್ತು ಸಿಕ್ಕಿದ್ರೆ ಕೆಲವೇ ಓಮ್ ತೋರ್ಸುತ್ತೆ, ಪೂರ್ತಿ ಓಪನ್ ಅಂತ ಬಂದ್ರೆ ಕಾರ್ಡು, ಸ್ವಿಚ್ಚು, ಫಿಲ್ಟರು, ಥರ್ಮಿಸ್ಟರು, ಟ್ರಾನ್ಸ್‌ಫಾರ್ಮರ್ ಕನೆಕ್ಟರು ಇಷ್ಟರಲ್ಲಿ ಎಲ್ಲೋ ಬಿಟ್ಟಿದೆ ಅಂತ. ಈ ಒಂದು ಅಳತೆಯಲ್ಲಿ ಎಷ್ಟು ಟೈಮ್ ಉಳಿಯುತ್ತೆ ಅಂದ್ರೆ ನಾನು ಯಾವಾಗ್ಲೂ ಇದ್ರಿಂದ್ಲೇ ಶುರು ಮಾಡೋದು.

ಮೈನ್ ಫ್ಯೂಸ್ ಹಾಕಿದ ತಕ್ಷಣ ಹೋಗುತ್ತೆ

ದೊಡ್ಡ ಫ್ಯೂಸ್ ಹಾಕೋದು, ಸಿಗರೇಟ್ ಫಾಯಿಲ್ ಸುತ್ತೋದು, ಇದೆಲ್ಲ ಮಾಡಿದ್ರೆ ಮುಂದೆ ಸುಡೋದು ಟ್ರಾನ್ಸ್‌ಫಾರ್ಮರ್ ಅಥವಾ ವೈರಿಂಗು, ಆಮೇಲೆ ಮನೆ. 115 ವೋಲ್ಟ್ ಮೆಷಿನ್‌ಗೆ 8 ಆಂಪ್ ಸ್ಲೋ ಬ್ಲೋ ಅಂತಿದ್ರೆ ಅದೇ ಹಾಕ್ಬೇಕು. ಸ್ಲೋ ಬ್ಲೋ ಅಂದಿರೋ ಕಡೆ ಫಾಸ್ಟ್ ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಮೊದಲ ಸಲ ಎಳೆಯೋ ಕರೆಂಟ್‌ಗೇ ಹೋಗಿಬಿಡುತ್ತೆ, ಅದು ಶಾರ್ಟ್ ಅಂತ ತಪ್ಪು ತಿಳ್ಕೋಬಾರ್ದು.

ಪ್ಲಗ್ ಕಿತ್ತು, ಬ್ಯಾಕ್‌ಬಾಕ್ಸ್‌ನಲ್ಲಿ ಪವರ್ ಡ್ರೈವರ್ ಬೋರ್ಡ್‌ಗೆ ಟ್ರಾನ್ಸ್‌ಫಾರ್ಮರ್‌ನಿಂದ ಬರೋ ಕನೆಕ್ಟರ್ ಎಲ್ಲಾ ಎಳೆದುಬಿಡಿ, ಹೊಸ ಫ್ಯೂಸ್ ಹಾಕಿ ಆನ್ ಮಾಡಿ. ಆಗ್ಲೂ ಹೋಯ್ತು ಅಂದ್ರೆ ತೊಂದ್ರೆ ಇರೋದು ಕೆಳಗಿನ ಡಬ್ಬಿ ಅಥವಾ ಟ್ರಾನ್ಸ್‌ಫಾರ್ಮರ್ ಕಡೆ. ಅದ್ರಲ್ಲಿ ಮೊದಲ ಅನುಮಾನ ವ್ಯಾರಿಸ್ಟರ್ ಮೇಲೆ, ಲೈನ್ ಅಡ್ಡಕ್ಕೆ ಬೆಸುಗೆ ಹಾಕಿರೋ ದುಂಡಗಿನ ಬಿಲ್ಲೆ ತರದ ಪಾರ್ಟ್ ಅದು. ವೋಲ್ಟೇಜ್ ಜಾಸ್ತಿ ಬಂದಾಗ ಶಾರ್ಟ್ ಆಗಿ ಫ್ಯೂಸ್ ಹಾರಿಸಿ ಉಳಿದಿದ್ದನ್ನ ಕಾಪಾಡೋದೇ ಅದರ ಕೆಲ್ಸ. ಒಡೆದಿದ್ರೆ, ಕಪ್ಪಗಿದ್ರೆ ಬದಲಾಯಿಸಿ. ಟ್ರಾನ್ಸ್‌ಫಾರ್ಮರೇ ಶಾರ್ಟ್ ಆಗೋದು ಅಪರೂಪ.

ಫ್ಯೂಸ್ ನಿಂತ್ರೆ ಒಂದೊಂದೇ ಕನೆಕ್ಟರ್ ವಾಪಸ್ ಹಾಕ್ತಾ ಬನ್ನಿ, ಪ್ರತಿ ಸಲ ಆಫ್ ಮಾಡಿ ಹಾಕಿ ಆನ್ ಮಾಡಿ. ಡಬ್ಬಿಗಟ್ಲೆ ಫ್ಯೂಸ್ ಸುಡೋದು ಬೇಡ ಅಂದ್ರೆ ಹಳೇ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಲ್ಯಾಂಪ್ ಉಪಾಯ ಮಾಡಿ, 100 ವ್ಯಾಟ್‌ನ ಹಳೇ ತಂತಿ ಬಲ್ಬನ್ನ ಮೆಷಿನ್‌ಗೆ ಹೋಗೋ ಲೈನ್‌ನಲ್ಲಿ ಸೀರೀಸ್ ಹಾಕಿ, ಶಾರ್ಟ್ ಇದ್ರೆ ಬಲ್ಬ್ ಪೂರ್ತಿ ಉರಿಯುತ್ತೆ, ಇಲ್ಲ ಅಂದ್ರೆ ಒಂದು ಸಲ ಮಿಂಚಿ ಮಂಕಾಗುತ್ತೆ. ಬಲ್ಬ್ ಹಾಕ್ಕೊಂಡು ಮೆಷಿನ್ ಪೂರ್ತಿ ಬೂಟ್ ಆಗಲ್ಲ, ಶಾರ್ಟ್ ಹುಡುಕೋಕೆ ಮಾತ್ರ ಇದು.

ಬ್ಯಾಕ್‌ಬಾಕ್ಸ್ ಒಳಗಿನ ಎಲ್‌ಇಡಿಗಳು ಏನು ಹೇಳ್ತಿವೆ

ಮೈನ್ ಸರಿ ಇದೆ ಅಂತಾದ್ರೆ ಮುಂದಿನ ನಿಲ್ದಾಣ ಪವರ್ ಡ್ರೈವರ್ ಬೋರ್ಡ್. ಇದನ್ನ ಮಾಡಿದ ಎಂಜಿನಿಯರ್‌ಗಳಿಗೆ ನಿಜವಾಗ್ಲೂ ಕೈ ಮುಗೀಬೇಕು, ಒಂದೊಂದು ವೋಲ್ಟೇಜ್‌ಗೂ ಒಂದೊಂದು ಎಲ್‌ಇಡಿ, ಒಂದೊಂದು ಟೆಸ್ಟ್ ಪಾಯಿಂಟ್ ಕೊಟ್ಟಿದಾರೆ. 1990ರಿಂದ 95ರ ತನಕದ ಬೋರ್ಡ್‌ನಲ್ಲಿ ಎಲ್‌ಇಡಿ 1 ಸ್ವಿಚ್‌ಗಳಿಗೆ ಹೋಗೋ 12 ವೋಲ್ಟ್, ಎಲ್‌ಇಡಿ 4 ಅಂದ್ರೆ 5 ವೋಲ್ಟ್, ಎಲ್‌ಇಡಿ 5 ಫ್ಲ್ಯಾಶರ್‌ಗಳ 20 ವೋಲ್ಟ್, ಎಲ್‌ಇಡಿ 6 ಲ್ಯಾಂಪ್‌ಗಳ 18 ವೋಲ್ಟ್, ಎಲ್‌ಇಡಿ 7 ಮೋಟರ್ ಮುಂತಾದವುಗಳ 12 ವೋಲ್ಟ್. ಆಮೇಲಿನ ಡಬ್ಲ್ಯೂಪಿಸಿ-95 ಬೋರ್ಡ್‌ನಲ್ಲಿ ನಂಬರ್‌ಗಳೇ ಬೇರೆ, ಮ್ಯಾನುವಲ್ ನೋಡ್ಕೊಳ್ಳಿ.

ಎಲ್‌ಇಡಿ ಉರೀತಿದೆ ಅಂದ್ರೆ ವೋಲ್ಟೇಜ್ ಇದೆ ಅಂತ ಅಷ್ಟೇ, ಸರಿಯಾಗಿದೆ ಅಂತ ಅಲ್ಲ, 4.5 ವೋಲ್ಟ್ ಇದ್ರೂ ಅದು ಚೆನ್ನಾಗೇ ಉರಿಯುತ್ತೆ. ಹಾಗಾಗಿ ಮೀಟರ್ ಬೇಕು. ಬೋರ್ಡ್ ಮೇಲೆ ಟೆಸ್ಟ್ ಪಾಯಿಂಟ್‌ಗೆ ಟಿಪಿ, ಫ್ಯೂಸ್‌ಗೆ ಎಫ್, ಕನೆಕ್ಟರ್‌ಗೆ ಜೆ ಅಂತ ಬರ್ದಿರುತ್ತೆ. ಕಪ್ಪು ಪ್ರೋಬ್ ಟಿಪಿ5ಕ್ಕೆ, ಅದು ಗ್ರೌಂಡ್. ಟಿಪಿ2ರಲ್ಲಿ 5 ವೋಲ್ಟ್ ಬರ್ಬೇಕು, 4.95ರಿಂದ 5.1 ಇದ್ರೆ ಸಂತೋಷ. ಟಿಪಿ3ರಲ್ಲಿ ರೆಗ್ಯುಲೇಟೆಡ್ 12. ಟಿಪಿ8ರಲ್ಲಿ 18, ಟಿಪಿ7ರಲ್ಲಿ 20, ಟಿಪಿ6ರಲ್ಲಿ ಕಾಯಿಲ್‌ಗಳ 50. ಈ 18, 20, 50 ಎಲ್ಲಾ ರೆಗ್ಯುಲೇಟ್ ಮಾಡದೆ ಇರೋ ವೋಲ್ಟೇಜ್, ಲೋಡ್ ಇಲ್ಲದಾಗ ಮೇಲೇ ಇರುತ್ತೆ, 50 ಅಂತ ಬರ್ದಿರೋ ಕಡೆ 70 ಬಂದ್ರೆ ಗಾಬರಿ ಬೀಳ್ಬೇಡಿ.

ಯಾವುದೋ ಒಂದು ಎಲ್‌ಇಡಿ ಇಲ್ಲ ಅಂದ್ರೆ ಅದರ ಫ್ಯೂಸ್ ನೋಡಿ. 5 ವೋಲ್ಟ್‌ಗೆ ಎಫ್113, 18ಕ್ಕೆ ಎಫ್114, ಸ್ವಿಚ್ 12ಕ್ಕೆ ಎಫ್115, ಮೋಟರ್ 12ಕ್ಕೆ ಎಫ್116, 20ಕ್ಕೆ ಎಫ್111, ಕಾಯಿಲ್‌ಗೆ ಎಫ್112. ಒಂದು ಗಮನಿಸಿ, ಸ್ವಿಚ್‌ಗಳ 12 ವೋಲ್ಟ್ ಹುಟ್ಟೋದೇ ಲ್ಯಾಂಪ್‌ಗಳ 18 ವೋಲ್ಟ್‌ನಿಂದ. ಹಾಗಾಗಿ ಎಲ್‌ಇಡಿ 6, ಎಲ್‌ಇಡಿ 1 ಎರಡೂ ಒಟ್ಟಿಗೆ ಸತ್ತಿದ್ರೆ ಎಫ್114 ಅಥವಾ ಅದರ ಬ್ರಿಡ್ಜ್ (ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್), ಎಲ್‌ಇಡಿ 1 ಒಂದೇ ಸತ್ತಿದ್ರೆ ಎಫ್115 ಅಥವಾ ಆಮೇಲಿನದು.

ಡಿಸ್‌ಪ್ಲೇ ಮೇಲೆ ಎಫ್114, ಎಫ್115 ಫ್ಯೂಸ್ ಚೆಕ್ ಮಾಡಿ ಅಂತ ಮೆಸೇಜ್ ಬರೋದು ತುಂಬಾ ಜನ್ರಿಗೆ ತಲೆನೋವು, 95 ಬೋರ್ಡ್‌ನಲ್ಲಿ ಅದೇ ಎಫ್101, ಎಫ್106 ಅಂತ ಬರುತ್ತೆ. ಫ್ಯೂಸ್ ಚೆನ್ನಾಗೇ ಇರುತ್ತೆ, ಮೆಸೇಜ್ ಹೋಗಲ್ಲ. ಯಾಕಂದ್ರೆ ಮೆಷಿನ್ ಫ್ಯೂಸನ್ನ ನೋಡ್ತಾನೇ ಇಲ್ಲ, ಸ್ವಿಚ್ ಮ್ಯಾಟ್ರಿಕ್ಸ್‌ನಲ್ಲಿ (ಸ್ವಿಚ್‌ಗಳನ್ನ ಕಾಲಂ, ಸಾಲು ಅಂತ ಜೋಡಿಸಿರೋ ಜಾಲ) 24ನೇ ಸ್ವಿಚ್ ಅಂತ ಸದಾ ಮುಚ್ಚಿರೋ ಒಂದನ್ನ ಇಟ್ಟಿದಾರೆ, ಅದು ತೆರೆದ ಹಾಗೆ ಕಂಡ್ರೆ 12 ವೋಲ್ಟ್ ಇಲ್ಲ ಅಂತ ಊಹೆ ಮಾಡಿ ಮೆಸೇಜ್ ಹಾಕುತ್ತೆ. ಹಾಗಾಗಿ ಟಿಪಿ3ರಲ್ಲಿ 12 ಸರಿಯಾಗಿದ್ರೆ ಪವರ್ ಬೋರ್ಡ್ ಬಿಟ್ಟು ಸಿಪಿಯು ಬೋರ್ಡ್‌ಗೆ ಹೋಗಿ. ಅಲ್ಲಿ ಕಾಲಂ ಡ್ರೈವ್ ಮಾಡೋ ಯು20 ಚಿಪ್, ಯುಎಲ್‌ಎನ್2803, ಸತ್ತಿರೋ ಸಾಧ್ಯತೆ ಜಾಸ್ತಿ. ಯಾರಾದ್ರೂ ಆನ್ ಇರೋವಾಗ್ಲೇ ಪ್ಲೇಫೀಲ್ಡ್ (ಬಾಲ್ ಓಡೋ ಹಲಗೆ) ಕೆಳಗೆ ಸ್ಕ್ರೂಡ್ರೈವರ್ ಆಡಿಸಿ ಕಾಯಿಲ್ ವೋಲ್ಟೇಜನ್ನ ಸ್ವಿಚ್ ವೈರ್‌ಗೆ ತಗುಲಿಸಿದ್ರೆ ಮೊದಲು ಸಾಯೋದು ಅದೇ.

ಬೋರ್ಡ್‌ನ ಫ್ಯೂಸ್ ಪದೇ ಪದೇ ಹೋಗ್ತಿದ್ರೆ

ಆ ವೋಲ್ಟೇಜ್ ಬೋರ್ಡ್‌ನಿಂದ ಹೊರಗೆ ಹೋಗೋ ಕನೆಕ್ಟರ್ ಎಳೆದು, ಹೊಸ ಫ್ಯೂಸ್ ಹಾಕಿ ಆನ್ ಮಾಡಿ. ಈಗ್ಲೂ ಹೋದ್ರೆ ಬೋರ್ಡ್‌ನಲ್ಲೇ ಶಾರ್ಟ್, ಹೆಚ್ಚಾಗಿ ಬ್ರಿಡ್ಜ್ ರೆಕ್ಟಿಫೈಯರ್. ನಿಂತ್ರೆ ಪ್ಲೇಫೀಲ್ಡ್ ಕಡೆ ಶಾರ್ಟ್, ಅಲ್ಲಿ ಬಾಗಿದ ಬಲ್ಬ್ ಸಾಕೆಟ್, ಸ್ಟೇಪಲ್‌ಗೆ ಸಿಕ್ಕಿದ ವೈರ್, ಬಿದ್ದಿರೋ ಸ್ಕ್ರೂ ಇಂಥದ್ದು ಹುಡುಕಿ.

ಬ್ರಿಡ್ಜ್ ಚೆಕ್ ಮಾಡೋದು ಸುಲಭ. ಚೌಕದ ನಾಲ್ಕು ಕಾಲಲ್ಲಿ ಮೂಲೆ ಕತ್ತರಿಸಿರೋ ಕಡೆ ಪ್ಲಸ್, ಅದರ ಎದುರು ಮೂಲೆ ಮೈನಸ್, ಉಳಿದೆರಡು ಎಸಿ. ಪ್ಲಗ್ ಕಿತ್ತು, ಮೀಟರ್ ಡಯೋಡ್‌ನಲ್ಲಿಟ್ಟು, ಕೆಂಪು ಪ್ರೋಬ್ ಮೈನಸ್ ಕಾಲಿಗೆ, ಕಪ್ಪು ಒಂದೊಂದು ಎಸಿ ಕಾಲಿಗೆ, ಎರಡರಲ್ಲೂ 0.4ರಿಂದ 0.6 ಬರ್ಬೇಕು. ಆಮೇಲೆ ಕಪ್ಪು ಪ್ಲಸ್‌ಗೆ, ಕೆಂಪು ಒಂದೊಂದು ಎಸಿಗೆ, ಆಗ್ಲೂ ಅಷ್ಟೇ. ಎಲ್ಲಾದ್ರೂ ಸೊನ್ನೆ ಹತ್ರ ಬಂದ್ರೆ ಶಾರ್ಟ್, ಏನೂ ಬರ್ದೇ ಇದ್ರೆ ಓಪನ್. ಡಬ್ಲ್ಯೂಪಿಸಿ-95ರಲ್ಲಿ ಬ್ರಿಡ್ಜ್ ಬದಲು ಬಿಡಿ ಡಯೋಡ್‌ಗಳಿವೆ, ಅವನ್ನೂ ಹೀಗೇ ಒಂದೊಂದಾಗಿ ನೋಡ್ಬಹುದು.

ಆಡ್ತಾ ಇದ್ದಾಗ ರೀಸೆಟ್ ಆಗೋದು

ಈ ಕುಟುಂಬದ ದೊಡ್ಡ ಕಾಯಿಲೆ ಇದು. ಎರಡು ಫ್ಲಿಪ್ಪರ್ ಒಟ್ಟಿಗೆ ಒತ್ತಿದ ತಕ್ಷಣ ಡಿಸ್‌ಪ್ಲೇ ಹೋಗಿ ಮೆಷಿನ್ ಮೊದಲಿಂದ ಬೂಟ್ ಆಗುತ್ತೆ, ಒಳ್ಳೇ ಸ್ಕೋರ್ ಮಾಡ್ತಿದ್ದೋರಿಗೆ ಹೊಟ್ಟೆ ಉರಿಯುತ್ತೆ. ಕಾರಣ ಏನು ಅಂದ್ರೆ ಸಿಪಿಯು ಬೋರ್ಡ್‌ನಲ್ಲಿ ಒಂದು ಕಾವಲು ಚಿಪ್ ಇದೆ, ಎಂಸಿ34064, ಅದು 5 ವೋಲ್ಟ್ ಲೈನ್ ಸುಮಾರು 4.6ಕ್ಕಿಂತ ಕೆಳಗಿಳಿದ ಕ್ಷಣ ಪ್ರೊಸೆಸರನ್ನ ರೀಸೆಟ್ ಮಾಡುತ್ತೆ. ಫ್ಲಿಪ್ಪರ್ ಕಾಯಿಲ್‌ಗಳು ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಜೋರಾಗಿ ಕರೆಂಟ್ ಎಳೆದಾಗ ಉಳಿದ ಸುತ್ತುಗಳ ವೋಲ್ಟೇಜೂ ಕುಸಿಯುತ್ತೆ. ಎಲ್ಲಾ ಪಾರ್ಟ್ ಚೆನ್ನಾಗಿದ್ರೆ ಆ ಕುಸಿತ ತಡ್ಕೊಳ್ಳೋಷ್ಟು ಉಳಿಕೆ ಇರುತ್ತೆ, ಒಂದೆರಡು ಪಾರ್ಟ್ ಹಳೇದಾದ್ರೆ ಇರಲ್ಲ. ಯಾವ ಪಾರ್ಟು ಅನ್ನೋದು ಊಹೆ ಮಾಡ್ಬೇಡಿ, ಕ್ರಮವಾಗಿ ನೋಡಿ.

ಗೋಡೆ ಸಾಕೆಟ್‌ನಿಂದ ಶುರು. 120 ಬರ್ಬೇಕಾದ ಕಡೆ 112 ಇದ್ರೆ, ಅದೂ ಎಸಿ ಅಥವಾ ಹೀಟರ್ ಓಡೋವಾಗ ಮಾತ್ರ ರೀಸೆಟ್ ಆಗ್ತಿದ್ರೆ, ಮೊದಲು ಬೇರೆ ಸರ್ಕ್ಯೂಟ್‌ಗೆ ಹಾಕಿ. ಸಣ್ಣ ಗೇಜಿನ ಉದ್ದ ಎಕ್ಸ್‌ಟೆನ್ಷನ್ ಕಾರ್ಡ್ ತೆಗ್ದುಹಾಕಿ. ಡಬ್ಬಿಯೊಳಗಿನ ಥರ್ಮಿಸ್ಟರ್ ಹಳೇದಾದ್ರೆ ಅದೇ ಸ್ವಲ್ಪ ವೋಲ್ಟೇಜ್ ತಿಂದುಹಾಕುತ್ತೆ, ಅದೂ ಲೆಕ್ಕದಲ್ಲಿರ್ಲಿ.

ಆಮೇಲೆ ಟಿಪಿ2ರಲ್ಲಿ ಎಷ್ಟಿದೆ ನೋಡಿ, ಸಿಪಿಯು ಬೋರ್ಡ್‌ನಲ್ಲಿ 5 ವೋಲ್ಟ್ ಎಷ್ಟಿದೆ ನೋಡಿ. ಪವರ್ ಬೋರ್ಡ್‌ನಲ್ಲಿ 5.02 ಇದ್ದು ಸಿಪಿಯುನಲ್ಲಿ 4.8 ಇದ್ರೆ ಆ ವ್ಯತ್ಯಾಸ ದಾರೀಲೇ ಕಳ್ದುಹೋಗ್ತಿದೆ, ಜೆ114ರಿಂದ ಜೆ210ಕ್ಕೆ ಹೋಗೋ ಕನೆಕ್ಟರ್ ತಪ್ಪು. ಇದು ಎಷ್ಟು ಸಾಮಾನ್ಯ ಅಂದ್ರೆ ಬೆಸುಗೆ ಕಾಯಿಸೋ ಮುಂಚೆ ಎಲ್ಲರೂ ನೋಡ್ಲೇಬೇಕು. ಟ್ರಾನ್ಸ್‌ಫಾರ್ಮರ್‌ನಿಂದ ಬರೋ ಜೆ101 ಕೂಡ ನೋಡಿ, ಪಿನ್ ಸುತ್ತ ಕಂದು ಬಣ್ಣ, ಪ್ಲಾಸ್ಟಿಕ್ ಕರಗಿದ ಗುರುತು ಇದ್ರೆ ಅದೇ.

ಕನೆಕ್ಟರ್ ಸರಿ ಇದ್ರೆ ಬ್ರಿಡ್ಜ್ ಬಿಆರ್2, ಕೆಪಾಸಿಟರ್ ಸಿ5. ಸಿ5 ಮೇಲೆ ಡಿಸಿ ಎಷ್ಟಿದೆ ನೋಡಿ, ಸುಮಾರು 11ರಿಂದ 13 ಇರ್ಬೇಕು. ರೆಗ್ಯುಲೇಟರ್ ಎಲ್‌ಎಂ323ಕೆ 5 ವೋಲ್ಟ್ ಕೊಡ್ಬೇಕು ಅಂದ್ರೆ ಅದಕ್ಕೆ ಕನಿಷ್ಠ ಏಳೂವರೆ ಬೇಕು, ಫ್ಲಿಪ್ಪರ್ ಒತ್ತಿದಾಗ್ಲೂ ಅದಕ್ಕಿಂತ ಕೆಳಗೆ ಹೋಗ್ಬಾರ್ದು. ಮೀಟರ್‌ನಲ್ಲಿ ಮಿನಿಮಮ್ ಹಿಡಿಯೋ ಬಟನ್ ಇದ್ರೆ ಟಿಪಿ2ರಲ್ಲಿ ಇಟ್ಟು, ಕಾಯಿನ್ ಡೋರ್ ಮುಚ್ಚಿ, ಆಟ ಶುರು ಮಾಡಿ ಎರಡು ಫ್ಲಿಪ್ಪರೂ ಪಟಪಟ ಒತ್ತಿ, ಎಷ್ಟಕ್ಕೆ ಇಳೀತು ಅಂತ ಬರ್ಕೊಳ್ಳಿ. ಆಮೇಲೆ ಮೀಟರ್ ಎಸಿಗೆ ತಿರುಗಿಸಿ ಟಿಪಿ2 ನೋಡಿ, ಸೊನ್ನೆ ಹತ್ರ ಇರ್ಬೇಕು, ಏನಾದ್ರೂ ದೊಡ್ಡ ನಂಬರ್ ತೋರ್ಸಿದ್ರೆ ಸಿ5 ಒಣಗಿದೆ ಅಥವಾ ಬ್ರಿಡ್ಜ್‌ನ ಅರ್ಧ ಸತ್ತಿದೆ.

ಬದಲಾಯಿಸೋದಾದ್ರೆ ಎರಡೂ ಒಟ್ಟಿಗೆ ಬದಲಾಯಿಸಿ, ಒಂದೇ ಕೆಲ್ಸಕ್ಕೆ ಎರಡು ಸಲ ಬೋರ್ಡ್ ಬಿಚ್ಚೋದು ಬೇಡ. 35 ಆಂಪ್, 200 ಅಥವಾ 400 ವೋಲ್ಟ್ ಬ್ರಿಡ್ಜ್, 15,000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, 105 ಡಿಗ್ರಿ ಅಂತ ಬರ್ದಿರೋದು ತಗೊಳ್ಳಿ. ಹಳೇ ಬ್ರಿಡ್ಜ್‌ನ ಕಾಲು ಮೊದಲು ಕತ್ತರಿಸಿ, ಆಮೇಲೆ ಒಂದೊಂದೇ ಕಾಲನ್ನ ಕಾಯಿಸಿ ತೆಗೀರಿ, ಇಡೀದಾಗಿ ಎಬ್ಬಿಸೋಕೆ ಹೋದ್ರೆ ತೂತಿನೊಳಗಿನ ತಾಮ್ರದ ಕೊಳವೆ ಕಿತ್ತು ಬರುತ್ತೆ, ಆಮೇಲೆ ಬೋರ್ಡ್‌ನ ಒಂದು ಬದಿಗೆ ಸಂಪರ್ಕ ಇದೆ ಇನ್ನೊಂದು ಬದಿಗೆ ಇಲ್ಲ ಅನ್ನೋ ಸ್ಥಿತಿ. ಅದಕ್ಕೇ ಪ್ಲಸ್ ಕಾಲಿನಿಂದ ಸಿ5ರ ಪ್ಲಸ್‌ಗೆ, ಮೈನಸ್‌ನಿಂದ ಮೈನಸ್‌ಗೆ ಬೋರ್ಡ್ ಹಿಂದೆ ದಪ್ಪ ವೈರ್ ಎಳೆಯೋದು ಅನುಭವಸ್ಥರ ರೂಢಿ. ಕೆಪಾಸಿಟರ್ ಪ್ಲಸ್ ಮೈನಸ್ ಉಲ್ಟಾ ಹಾಕಿದ್ರೆ ಸಿಡಿಯುತ್ತೆ, ಎರಡು ಸಲ ನೋಡಿ. ಹೀಟ್ ಸಿಂಕ್ ಮಧ್ಯೆ ಥರ್ಮಲ್ ಪೇಸ್ಟ್ ಹಚ್ಚಿ. ಬೆಸುಗೆ ಅಭ್ಯಾಸ ಇಲ್ಲದೋರು ಬೋರ್ಡ್ ಬಿಚ್ಚಿ ರಿಪೇರಿಯವ್ರಿಗೆ ಕೊಡಿ, ಸ್ಕ್ರೂ ಬಿಚ್ಚಿದ್ರೆ ಬರುತ್ತೆ, ಅದ್ರಲ್ಲಿ ನಾಚಿಕೆ ಏನಿಲ್ಲ.

5 ವೋಲ್ಟನ್ನ ಬೇರೆ ರೀತಿ ತಯಾರಿಸೋ ಸಣ್ಣ ಪ್ಲಗ್-ಇನ್ ಬೋರ್ಡ್‌ಗಳು ಮಾರ್ತಾರೆ, ಹಾಕಿದ ತಕ್ಷಣ ರೀಸೆಟ್ ನಿಲ್ಲೋದು ನಿಜ. ಆದ್ರೆ ಸುಡ್ತಿರೋ ಕನೆಕ್ಟರ್ ಹಾಗೇ ಸುಡ್ತಾ ಇರುತ್ತೆ, ಅರ್ಧ ಸತ್ತ ಬ್ರಿಡ್ಜ್ ಹಾಗೇ ಬಿಸಿ ಆಗ್ತಾ ಇರುತ್ತೆ. ಕಾರಣ ಸಿಕ್ಕಿ ಸರಿಮಾಡಿದ ಮೇಲೂ ನಿಮ್ಮನೆ ವೋಲ್ಟೇಜೇ ಕಮ್ಮಿ ಅಂದ್ರೆ ಮಾತ್ರ ಅದು ಹಾಕಿ ಅನ್ನೋದು ನನ್ನ ಅಭಿಪ್ರಾಯ.

ಲೈಟ್ ಅರ್ಧ ಉರಿಯಲ್ಲ, ಕನೆಕ್ಟರ್ ಸುಟ್ಟ ವಾಸನೆ

ಜನರಲ್ ಇಲ್ಯುಮಿನೇಷನ್, ಅಂದ್ರೆ ಸದಾ ಉರಿಯೋ ಬಲ್ಬುಗಳು, 6.3 ವೋಲ್ಟ್ ಎಸಿಯಲ್ಲಿ ಐದು ಸಾಲಾಗಿ ನಡೀತವೆ, ಒಂದೊಂದಕ್ಕೆ 5 ಆಂಪ್ ಫ್ಯೂಸ್. ವೋಲ್ಟೇಜ್ ಕಮ್ಮಿ, ಕರೆಂಟ್ ಜಾಸ್ತಿ, ಆ ಕರೆಂಟೆಲ್ಲ ಜೆ115, ಜೆ120, ಜೆ121ರ ಸಣ್ಣ ಪಿನ್‌ಗಳ ಮೂಲಕವೇ ಹೋಗ್ಬೇಕು. ವರ್ಷಗಟ್ಲೆ ಬಿಸಿಯಾಗಿ ಪಿನ್ ಕಪ್ಪಾಗುತ್ತೆ, ಕಪ್ಪಾದ್ರೆ ಇನ್ನೂ ಬಿಸಿ ಆಗುತ್ತೆ. ಫ್ಯೂಸ್ ಮಾತ್ರ ಹೋಗಲ್ಲ, ಯಾಕಂದ್ರೆ ಕರೆಂಟ್ ಜಾಸ್ತಿ ಆಗಿಲ್ಲ, ತಡೆ ಜಾಸ್ತಿ ಆಗಿದೆ.

ಇಲ್ಲಿ ಪಿನ್ ಉಜ್ಜಿ ಸ್ಪ್ರೇ ಹೊಡೆದ್ರೆ ಕೆಲ ದಿನ ನಡೆದು ಮತ್ತೆ ಸುಡುತ್ತೆ. ಬೋರ್ಡ್ ಮೇಲಿನ ಪಿನ್ನೂ ಬದಲಾಯಿಸ್ಬೇಕು, ವೈರ್ ಕಡೆಯ ಹೌಸಿಂಗ್, ಕ್ರಿಂಪ್ ಟರ್ಮಿನಲ್ಲೂ ಬದಲಾಯಿಸ್ಬೇಕು, ಒಂದು ಹಳೇದು ಉಳಿದ್ರೂ ಹೊಸದನ್ನ ಸುಡುತ್ತೆ. ಮೂರು ಕಡೆ ಹಿಡಿಯೋ ಟ್ರೈಫರ್ಕಾನ್ ಟರ್ಮಿನಲ್ ಹಾಕಿ. ವೈರನ್ನ ನೇರವಾಗಿ ಬೋರ್ಡ್‌ಗೆ ಬೆಸೆದುಬಿಡೋರು ಇದಾರೆ, ಮುಂದೆ ಬೋರ್ಡ್ ಬಿಚ್ಚೋರಿಗೆ ಅದು ದೊಡ್ಡ ಕಷ್ಟ, ಹಾಗೆ ಮಾಡ್ಬೇಡಿ. ಜೊತೆಗೆ ಬಲ್ಬ್ ಬದಲಾಯಿಸಿ ಲೋಡ್ ಇಳಿಸಿ, 44 ನಂಬರ್ ಬಲ್ಬ್ 250 ಮಿಲಿಆಂಪ್ ಎಳೆದ್ರೆ 47 ನಂಬರ್ 150 ಮಾತ್ರ ಎಳೆಯುತ್ತೆ, ಎಲ್‌ಇಡಿ ಹಾಕಿದ್ರೆ ಇನ್ನೂ ಎಷ್ಟೋ ಕಮ್ಮಿ.

ಮೆಷಿನ್ ಆನ್ ಇದೆ, ಕಾಯಿಲ್ ಒಂದೂ ಹೊಡೀತಿಲ್ಲ

ಕಾಯಿನ್ ಡೋರ್ ಮುಚ್ಚಿ ನೋಡಿ. ನಿಜ ಹೇಳ್ತೀನಿ, ಅರ್ಧ ಕಂಪ್ಲೇಂಟ್ ಇಷ್ಟರಲ್ಲೇ ಮುಗಿಯುತ್ತೆ. 1993ರ ಆಸುಪಾಸಿನಿಂದ ಬಂದ ವಿಲಿಯಮ್ಸ್ ಮೆಷಿನ್‌ಗಳಲ್ಲಿ ಡೋರ್ ತೆಗ್ದ್ರೆ ಕಾಯಿಲ್ ವೋಲ್ಟೇಜ್ ಕತ್ತರಿಸೋ ಇಂಟರ್‌ಲಾಕ್ ಸ್ವಿಚ್ ಇದೆ, ಸುರಕ್ಷತೆಗೆ ಅಂತ. ಡೋರ್ ತೆಗೆದಿಟ್ಟೇ ಟೆಸ್ಟ್ ಮಾಡ್ಬೇಕು ಅಂದ್ರೆ ಆ ಸ್ವಿಚ್‌ನ ಗುಂಡಿಯನ್ನ ಹೊರಗೆ ಎಳೆದ್ರೆ ಆನ್ ಆಗಿ ನಿಲ್ಲುತ್ತೆ. ಆ ಸ್ವಿಚ್ಚೇ ಕೆಡೋದೂ ಉಂಟು.

ಡೋರ್ ಸರಿ ಇದ್ದೂ ಇಲ್ಲ ಅಂದ್ರೆ ಕಾಯಿಲ್‌ನ ಎರಡು ಲಗ್‌ನಲ್ಲೂ (ವೈರ್ ಬೆಸೆದಿರೋ ಲೋಹದ ಕಾಲು) ಒಂದೊಂದಾಗಿ ಗ್ರೌಂಡ್‌ಗೆ ಹೋಲಿಸಿ ಡಿಸಿ ನೋಡಿ. ಕಾಯಿಲ್ ಸುಮ್ನಿರೋವಾಗ ಎರಡರಲ್ಲೂ ಸುಮಾರು 70 ಬರ್ಬೇಕು, ಯಾಕಂದ್ರೆ ಒಂದು ಲಗ್‌ಗೆ ನೇರವಾಗಿ ಬರುತ್ತೆ, ಇನ್ನೊಂದಕ್ಕೆ ಸುತ್ತಿನ ಮೂಲಕ ಬರುತ್ತೆ. ಎರಡರಲ್ಲೂ ಇಲ್ಲ ಅಂದ್ರೆ ಫ್ಯೂಸು, ವೈರು ಅಥವಾ ಕನೆಕ್ಟರು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲ ಅಂದ್ರೆ ಸುತ್ತು ಹರಿದಿದೆ, ಲಗ್ ಹತ್ರ ಕೂದಲಷ್ಟು ಸಣ್ಣ ತಂತಿ ಬಿಟ್ಟಿರುತ್ತೆ. ಎರಡರಲ್ಲೂ ಇದ್ದು ಹೊಡೆಯಲ್ಲ ಅಂದ್ರೆ ಡ್ರೈವ್ ಮಾಡೋ ಟ್ರಾನ್ಸಿಸ್ಟರ್ ಅಥವಾ ಅದರ ವೈರ್. ಫ್ಲಿಪ್ಪರ್‌ಗಳು ಮಾತ್ರ ಸತ್ತಿದ್ರೆ ಫ್ಲಿಪ್ಪರ್ ನಡ್ಸೋ ಫ್ಲಿಪ್‌ಟ್ರಾನಿಕ್ಸ್ ಬೋರ್ಡ್ ಇರೋ ಮೆಷಿನ್‌ಗಳಲ್ಲಿ ಅದರ ಎಫ್901ರಿಂದ ಎಫ್904 ಫ್ಯೂಸ್ ನೋಡಿ.

ಆನ್ ಮಾಡಿದ ತಕ್ಷಣ ಒಂದು ಕಾಯಿಲ್ ಎಳೆದು ಹಿಡ್ಕೊಂಡೇ ಬಿಟ್ರೆ ಓಡಿ ಆಫ್ ಮಾಡಿ, ಹೊಗೆ ಬರೋಕೆ ಹೆಚ್ಚು ಹೊತ್ತು ಬೇಡ. ಅದರ ಟಿಐಪಿ102 ಟ್ರಾನ್ಸಿಸ್ಟರ್ ಶಾರ್ಟ್. ಕಾಯಿಲ್‌ನ ಒಂದು ವೈರ್ ಬಿಡಿಸಿ ಓಮ್ಸ್ ನೋಡಿ, ಮ್ಯಾನುವಲ್‌ನ ಕಾಯಿಲ್ ನಂಬರ್‌ಗಿಂತ ತುಂಬಾ ಕಮ್ಮಿ, 2 ಓಮ್‌ಗಿಂತ ಕೆಳಗೆ ಬಂದ್ರೆ ಕಾಯಿಲೂ ಸುಟ್ಟಿದೆ. ಸುಟ್ಟ ಕಾಯಿಲ್ ಹಾಗೇ ಬಿಟ್ಟು ಹೊಸ ಟ್ರಾನ್ಸಿಸ್ಟರ್ ಹಾಕಿದ್ರೆ ಹೊಸದೂ ಸಾಯುತ್ತೆ.

ಬ್ಯಾಟರಿ

ಸಿಪಿಯು ಬೋರ್ಡ್‌ನಲ್ಲಿ ಮೂರು ಎಎ ಸೆಲ್ ಇರುತ್ವೆ, ಸ್ಕೋರು, ಸೆಟಿಂಗ್ ನೆನಪಿಡೋಕೆ. ಸೋರಿದ್ರೆ ಬೋರ್ಡಿನ ತಾಮ್ರ ತಿಂದುಹಾಕುತ್ತೆ, ಇಂಥ ಮೆಷಿನ್‌ಗಳನ್ನ ಕೊಂದಿರೋದ್ರಲ್ಲಿ ಇದಕ್ಕೇ ಮೊದಲ ಸ್ಥಾನ ಅನ್ಬಹುದು. ಹಸಿರು, ಬಿಳಿ ಪುಡಿ ಕಂಡ್ರೆ ಸೆಲ್ ತೆಗ್ದು, ವಿನೆಗರ್‌ಗೆ ನೀರು ಬೆರೆಸಿ ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಒಣಗಿಸಿ. ಚೆನ್ನಾಗಿರೋ ಬೋರ್ಡ್ ಆಗಿದ್ರೆ ಇವತ್ತೇ ಸೆಲ್‌ಗಳನ್ನ ವೈರ್ ಎಳೆದು ಬೋರ್ಡ್‌ನಿಂದ ಕೆಳಗೆ ದೂರ ಇಡಿ, ಅಥವಾ ಬ್ಯಾಟರಿನೇ ಬೇಡದ ಎನ್‌ವಿರ್ಯಾಮ್ ಹಾಕಿಸಿ.

ಊರಿಗೆ ತಂದಾಗ: 115ರಿಂದ 230ಕ್ಕೆ

ಅಮೆರಿಕಾದಲ್ಲಿ 120 ವೋಲ್ಟ್ 60 ಹರ್ಟ್ಸ್, ನಮ್ಮಲ್ಲಿ 230 ವೋಲ್ಟ್ 50 ಹರ್ಟ್ಸ್. ಪ್ಲಗ್ ಅಡಾಪ್ಟರ್ ಹಾಕಿ ನೇರವಾಗಿ ಚುಚ್ಚಿದ್ರೆ ವ್ಯಾರಿಸ್ಟರ್ ಶಾರ್ಟ್ ಆಗಿ ಫ್ಯೂಸ್ ಹಾರುತ್ತೆ, ಅದೃಷ್ಟ ಚೆನ್ನಾಗಿದ್ರೆ ಅಷ್ಟಕ್ಕೇ ನಿಲ್ಲುತ್ತೆ. ಡಬ್ಲ್ಯೂಪಿಸಿ ಟ್ರಾನ್ಸ್‌ಫಾರ್ಮರ್‌ಗಳನ್ನ ವಿದೇಶಕ್ಕೂ ಕಳಿಸೋ ಲೆಕ್ಕದಲ್ಲೇ ಮಾಡಿದಾರೆ, ಪ್ರೈಮರಿ ಕನೆಕ್ಟರ್‌ನಲ್ಲಿ ಜಂಪರ್ ವೈರ್ ಬದಲಾಯಿಸಿದ್ರೆ 230ಕ್ಕೆ ಹೊಂದುತ್ತೆ, ಚಿತ್ರ ಮ್ಯಾನುವಲ್‌ನಲ್ಲಿದೆ. ಜಂಪರ್ ಜೊತೆ ಇನ್ನೆರಡು ಕೆಲ್ಸ ಮರೀಬೇಡಿ, ವ್ಯಾರಿಸ್ಟರನ್ನ 275 ವೋಲ್ಟ್ ರೇಟಿಂಗ್‌ನದಕ್ಕೆ ಬದಲಾಯಿಸ್ಬೇಕು, ಮೈನ್ ಫ್ಯೂಸ್ 8ರಿಂದ ಮ್ಯಾನುವಲ್ ಹೇಳೋ ಕಮ್ಮಿ ಆಂಪ್‌ಗೆ ಇಳಿಸ್ಬೇಕು. ಸರ್ವಿಸ್ ಸಾಕೆಟ್‌ನಲ್ಲೂ ಈಗ 230 ಬರುತ್ತೆ, ಅಲ್ಲಿ ಅಮೆರಿಕಾದ ಸೋಲ್ಡರಿಂಗ್ ಐರನ್ ಚುಚ್ಚಬೇಡಿ.

ಜಂಪರ್ ಬೇಡ ಅಂದ್ರೆ 1000 ವಿಎ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಕೊಳ್ಳಬಹುದು, ಆದ್ರೆ ಅದ್ರಲ್ಲಿ ಅರ್ಥ್ ಮುಂದಕ್ಕೆ ಹೋಗ್ತಿದೆಯಾ ಅಂತ ಮೀಟರ್‌ನಲ್ಲೇ ನೋಡಿ, ಅಗ್ಗದವುಗಳಲ್ಲಿ ಎರಡೇ ವೈರ್ ಇರುತ್ತೆ. ವೋಲ್ಟೇಜ್ ಏರುಪೇರು ಇರೋ ಏರಿಯಾ ಆದ್ರೆ ಸ್ಟೆಬಿಲೈಜರ್ ಹಾಕಿ. ಕರೆಂಟ್ ಹೋದಾಗ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಡ್ಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿ ಬಿಸಿಯಾಗುತ್ತೆ.

ಇನ್ನೂ ಹಳೇ ಮೆಷಿನ್ ಇದ್ರೆ

1977ರಿಂದ 85ರ ತನಕದ ಬ್ಯಾಲಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಜೊತೆಗಿರೋ ರೆಕ್ಟಿಫೈಯರ್ ಬೋರ್ಡ್‌ನಲ್ಲೇ ಎಲ್ಲಾ ಅಳತೆ ಸಿಗುತ್ತೆ. ಟಿಪಿ1ರಲ್ಲಿ 5.4, ಟಿಪಿ2ರಲ್ಲಿ 230 ಡಿಸಿ, ಟಿಪಿ3ರಲ್ಲಿ 11.9, ಟಿಪಿ4ರಲ್ಲಿ 7.3 ಎಸಿ, ಟಿಪಿ5ರಲ್ಲಿ 43. ಆ 230 ಡಿಸ್‌ಪ್ಲೇಗೆ ಹೋಗೋದು, ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಉಳ್ಕೊಂಡಿರುತ್ತೆ, ಮೀಟರ್‌ನಲ್ಲಿ ಇಳಿದಿದೆ ಅಂತ ಖಾತ್ರಿ ಆಗೋ ತನಕ ಮುಟ್ಟಬೇಡಿ. ಎಂಪಿಯು ಬೋರ್ಡ್‌ನ (ಮೆಷಿನ್‌ನ ಕಂಪ್ಯೂಟರ್ ಬೋರ್ಡ್) ಎಲ್‌ಇಡಿ ಒಮ್ಮೆ ಮಿನುಗಿ ಆಮೇಲೆ ಏಳು ಸಲ ಮಿಂಚಬೇಕು, ಆರಕ್ಕೇ ನಿಂತ್ರೆ 43 ವೋಲ್ಟ್ ಬರ್ತಿಲ್ಲ ಅಂತ ಅನುಮಾನ ಪಡಿ.

ಎಲೆಕ್ಟ್ರೋ ಮೆಕ್ಯಾನಿಕಲ್ ಮೆಷಿನ್‌ನಲ್ಲಿ ಬೋರ್ಡೇ ಇಲ್ಲ, ಕಾಯಿಲ್‌ಗಳೂ ಹೆಚ್ಚಾಗಿ ಎಸಿಯಲ್ಲೇ ನಡೀತವೆ, ಬಲ್ಬುಗಳಿಗೆ 6 ವೋಲ್ಟ್. ಲೈಟ್ ಇದೆ ಕಾಯಿಲ್ ಇಲ್ಲ ಅಂದ್ರೆ ಕಾಯಿಲ್ ಫ್ಯೂಸ್, ಫ್ಯೂಸ್ ಕ್ಲಿಪ್, ಆಮೇಲೆ ರಿಲೇಗಳ ಕಾಂಟ್ಯಾಕ್ಟ್ ಕೊಳೆ, ಇದೇ ಕ್ರಮ. ಇವುಗಳಲ್ಲಿ ಹೆಚ್ಚಿನವಕ್ಕೆ ಎರಡು ವೈರ್ ಕಾರ್ಡು, ಅರ್ಥ್ ಇರಲ್ಲ, ಮೂರು ವೈರ್ ಕಾರ್ಡ್ ಹಾಕಿ ಲೋಹದ ಭಾಗಗಳಿಗೆಲ್ಲ ಅರ್ಥ್ ಜೋಡಿಸಿ.

ರಿಪೇರಿ ಆದ್ಮೇಲೆ

ಒಂದು ಬಾಲ್ ಆಡಿ ಗ್ಲಾಸ್ ಮುಚ್ಚಿಬಿಡ್ಬೇಡಿ. ಅರ್ಧ ಗಂಟೆ ಲೈಟ್ ಎಲ್ಲಾ ಉರೀಲಿ, ಪೂರ್ತಿ ಬಿಸಿ ಆಗ್ಲಿ, ಆಮೇಲೆ ಟೆಸ್ಟ್ ಮೆನುಗೆ ಹೋಗಿ ಕಾಯಿಲ್ ಒಂದೊಂದಾಗಿ ಹೊಡೆಸಿ, ಎರಡು ಫ್ಲಿಪ್ಪರ್ ಒಟ್ಟಿಗೆ ಒತ್ತುತ್ತಾ ಟಿಪಿ2 ಮತ್ತೆ ಅಳೀರಿ, ಬಿಸಿಯಾದ್ಮೇಲೆ ಮಾತ್ರ ಬರೋ ತೊಂದ್ರೆಗಳು ಆವಾಗ ಹೊರಗೆ ಬರುತ್ವೆ. ಪ್ಲಗ್ ಕಿತ್ತ ಮೇಲೆ ಬದಲಾಯಿಸಿದ ಕನೆಕ್ಟರ್‌ಗಳನ್ನ ಬೆರಳಲ್ಲಿ ಮುಟ್ಟಿ ನೋಡಿ, ಉಗುರುಬೆಚ್ಚಗಿದ್ರೆ ಪರ್ವಾಗಿಲ್ಲ, ಬೆರಳು ಇಡೋಕಾಗ್ದಷ್ಟು ಬಿಸಿ ಇದ್ರೆ ಕ್ರಿಂಪ್ ಸರಿ ಕೂತಿಲ್ಲ, ಮತ್ತೆ ಮಾಡಿ. ಗೋಡೆ ವೋಲ್ಟೇಜು, ಎಲ್ಲಾ ಟೆಸ್ಟ್ ಪಾಯಿಂಟ್‌ಗಳ ಅಳತೆ, ಯಾವ ಪಾರ್ಟ್ ಯಾವ ತಿಂಗಳು ಬದಲಾಯ್ಸಿದ್ರಿ ಅಂತ ಒಂದು ಹಾಳೇಲಿ ಬರ್ದು ಮ್ಯಾನುವಲ್ ಜೊತೆ ಕಾಯಿನ್ ಬಾಕ್ಸ್‌ನಲ್ಲಿಡಿ, ಮುಂದಿನ ಸಲ ಯಾವ ನಂಬರ್ ಬದಲಾಗಿದೆ ಅಂತ ಅದ್ರಲ್ಲೇ ಗೊತ್ತಾಗುತ್ತೆ.